ಬಾಳೆಯ ಸೊರಗು ರೋಗ: ಅದು ನಡೆದು ಬಂದ ದಾರಿ, ನಾವು ಕಲಿತ ಪಾಠ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆಯಲೇಬೇಕೆಂದು ಸಂಪಾದಕ ಮಂಡಳಿಯವರು ಪಟ್ಟು ಹಿಡಿದರು. ನಾವು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಪೆನ್ನು ಹಿಡಿದದ್ದಕ್ಕಿಂತ ಗುದ್ದಲಿ ಹಿಡಿದದ್ದೇ ಜಾಸ್ತಿ. ಸಂಘದ ಚರಿತ್ರೆಯನ್ನು ಹಿರಿಯರು ಬರೆಯುತ್ತಿದ್ದಾರೆ. ಆದ್ದರಿಂದ ನಾವು ಬೇರೆ ಒಂದು ಚರಿತ್ರೆ ಬರೆಯೋಣ ಎಂದುಕೊಂಡೆವು. ಅದು ನಮ್ಮ ಊರಿನ ಬಾಳೆಗೂ, ನಮ್ಮ ಸಂಘದ ಸಾಲದ ಪುಸ್ತಕಕ್ಕೂ ಸಂಬಂಧಪಟ್ಟ ಚರಿತ್ರೆಯೇ. ಬಾಳೆಗೆ ಬರುವ ಸೊರಗು ರೋಗ ಎಲ್ಲಿಂದೆಲ್ಲಿಗೆ ನಡೆದು ಬಂತು, ಯಾರ ಕೈಯಿಂದ ಹರಡಿತು, ಯಾರು ಹೇಗೆ ಅದನ್ನು ತಡೆದರು ಎಂಬುದೇ ಈ ಲೇಖನದ ವಿಷಯ.

ತಪ್ಪಿದ್ದರೆ ತಿದ್ದಿಕೊಂಡು ಓದಬೇಕಾಗಿ ವಿನಂತಿ.

ಮೊದಲು ನಮ್ಮ ಮನೆಯ ಕಥೆ

ಬೇರೆಯವರ ದೇಶದ ಮಾತು ಆಡುವ ಮುಂಚೆ ನಮ್ಮ ತೋಟದ ಮಾತು ಆಡಿಬಿಡುತ್ತೇವೆ. 2014ರಲ್ಲಿ ನಾವು ಸಂಘದಿಂದ ಬೆಳೆ ಸಾಲ ಪಡೆದು ಒಂದು ಎಕರೆಗೆ ಏಲಕ್ಕಿ ಬಾಳೆ ಹಾಕಿದ್ದೆವು. ಆರಡಿಗೆ ಆರಡಿ ಅಂತರದಲ್ಲಿ ಸುಮಾರು 1200 ಕಂದು. ಕಂದುಗಳನ್ನು ನಮ್ಮದೇ ಹಳೇ ಕೂಳೆ ತೋಟದಿಂದ ಕಿತ್ತಿದ್ದು. ಆ ಹಳೇ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಉರುಳಿ ಬಿದ್ದಿತ್ತು. ಗಾಳಿಗೆ ಬಿದ್ದಿರಬೇಕು ಎಂದುಕೊಂಡು ಸುಮ್ಮನಾಗಿದ್ದೆವು.

ನಾಲ್ಕನೇ ತಿಂಗಳಿಗೆ ಹೊಸ ತೋಟದಲ್ಲಿ ಗಿಡಗಳು ಇದ್ದಕ್ಕಿದ್ದಂತೆ ಎಲೆ ಇಳಿಬಿಟ್ಟವು. ಅಂಗಡಿಗೆ ಹೋಗಿ ಹೇಳಿದೆವು. ಅಂಗಡಿಯವರು ಗಿಡವನ್ನೂ ನೋಡಲಿಲ್ಲ, ಬುಡವನ್ನೂ ನೋಡಲಿಲ್ಲ, ಮೂರು ಥರದ ಔಷಧಿ ಕಟ್ಟಿಕೊಟ್ಟರು. ನಾವೂ ಬುಡ ನೋಡಿರಲಿಲ್ಲ, ಆದ್ದರಿಂದ ಅವರನ್ನು ಮಾತ್ರ ದೂರುವ ಹಾಗಿಲ್ಲ. ಎರಡು ಸಲ ಹೊಡೆದೆವು. ದುಡ್ಡು ಹೋಯಿತು, ರೋಗ ಹೋಗಲಿಲ್ಲ. ಒಂದು ದಿನ ಪಕ್ಕದ ಹೊಲದ ದೊಡ್ಡಪ್ಪನವರು ಬಂದು ಒಂದು ಗಿಡವನ್ನು ಸುಮ್ಮನೆ ಅಲ್ಲಾಡಿಸಿದರು. ಗಡ್ಡೆ ಮಣ್ಣಲ್ಲೇ ಉಳಿಯಿತು, ಗಿಡ ಮಾತ್ರ ಅವರ ಕೈಗೆ ಬಂತು. "ಏನ್ಲಾ ಮಗ ಇದು, ಬುಡ ಹಿಂಗೆ ನಾರ್ತದೆ! ಇದು ಮೇಲಿಂದ ಬಂದ ಕಾಯಿಲೆ ಅಲ್ಲ ಕಣ್ಲಾ, ಒಳಗಿಂದ ಕೊಳೆತಿರೋದು" ಎಂದರು. ಆಮೇಲೆ ತೋಟಗಾರಿಕೆ ಬಲ್ಲವರು ನೋಡಿ ಇದು ಗಡ್ಡೆ ಕೊಳೆ ರೋಗ, ಕಣ್ಣಿಗೆ ಕಾಣದ ದುಂಡಾಣುವಿನಿಂದ ಬರುವುದು, ಎಂದು ಹೇಳಿದರು. ಅಷ್ಟರಲ್ಲಿ 400ಕ್ಕೂ ಹೆಚ್ಚು ಗಿಡ ಹೋಗಿತ್ತು.

ಇಷ್ಟೇ ಆಗಿದ್ದರೆ ನಮ್ಮ ಹಣೆಬರಹ ಎಂದು ಸುಮ್ಮನಿರಬಹುದಿತ್ತು. ಆದರೆ ಅದೇ ಹಳೇ ತೋಟದಿಂದ 600 ಕಂದನ್ನು ನಾವು ನಮ್ಮ ಸಂಘದ ಸದಸ್ಯರಾದ ಒಬ್ಬ ಹೆಣ್ಣುಮಗಳಿಗೆ ಕೊಟ್ಟಿದ್ದೆವು. ಗಂಡನಿಲ್ಲದ ಸಂಸಾರ, ಅರ್ಧ ಎಕರೆ ಜಮೀನು. ಉಪಕಾರ ಮಾಡಿದೆವು ಎಂದು ನಮಗೆ ಒಳಗೊಳಗೇ ಹೆಮ್ಮೆ. ಆಕೆಯ ತೋಟವೂ ಹೋಯಿತು. ಮುಂದೆ ಆಕೆ ಸಂಘಕ್ಕೆ ಬಂದು, "ಅಣ್ಣ, ಈ ಸಲ ಕಂತು ಕಟ್ಟಕ್ಕಾಗಲ್ಲ, ಸ್ವಲ್ಪ ವಾಯಿದೆ ಕೊಡಿಸಿ" ಎಂದು ಕೇಳಿದಾಗ ನಾವು ನಿರ್ದೇಶಕರ ಕುರ್ಚಿಯಲ್ಲಿ ಕೂತಿದ್ದೆವು. ಆ ಕಂದು ನಮ್ಮ ತೋಟದ್ದು, ರೋಗ ಹೋಗಿದ್ದು ನಮ್ಮಿಂದ ಎಂದು ಆವತ್ತು ಸಭೆಯಲ್ಲಿ ಬಾಯಿ ಬಿಡಲಿಲ್ಲ. ವಾಯಿದೆ ಕೊಡಬೇಕೆಂದು ಮಾತ್ರ ಹೇಳಿದೆವು. ಇವತ್ತು ಹೇಳುತ್ತಿದ್ದೇವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ.

ಅಲ್ಲಿಂದ ಈ ರೋಗಗಳ ಬಗ್ಗೆ ಸಿಕ್ಕಿದವರನ್ನೆಲ್ಲ ಕೇಳುವುದು, ತರಬೇತಿಗಳಿಗೆ ಹೋಗಿ ಕೂರುವುದು, ಸಿಕ್ಕಿದ್ದನ್ನು ಓದುವುದು ಒಂದು ಚಾಳಿಯಾಯಿತು. ಆಗ ತಿಳಿಯಿತು, ನಾವು ಮಾಡಿದ ತಪ್ಪನ್ನೇ ಲೋಕದ ನಾನಾ ಕಡೆ ನೂರು ವರ್ಷದಿಂದ ಜನ ಮಾಡುತ್ತ ಬಂದಿದ್ದಾರೆ.

ಟ್ರಿನಿಡಾಡಿನ ಮೋಕೋ

ದುಂಡಾಣು ಸೊರಗು ರೋಗದ ಚರಿತ್ರೆ ಹಿಡಿದರೆ ಮೊದಲು ಸಿಗುವುದು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪ. ಅಲ್ಲಿ ಮೋಕೋ ಎಂಬ ಬಾಳೆ ತಳಿ ಇತ್ತು. ಬೇಯಿಸಿ ತಿನ್ನುವ ಬಾಳೆ, ಬಡವರ ಊಟ. ಆ ತಳಿ ಈ ರೋಗಕ್ಕೆ ಸಿಕ್ಕಿ ಎಷ್ಟು ನಾಶವಾಯಿತೆಂದರೆ ರೋಗಕ್ಕೇ ಮೋಕೋ ಎಂದು ಹೆಸರು ನಿಂತುಹೋಯಿತು. 1911ರಲ್ಲಿ ರೋರರ್ ಎಂಬ ವಿಜ್ಞಾನಿ ಇದು ದುಂಡಾಣುವಿನಿಂದ ಬರುವುದೆಂದು ಬರೆದು ತಿಳಿಸಿದರು. ಟೊಮೇಟೊ, ಬದನೆ, ಆಲೂಗೆಡ್ಡೆ ಗಿಡಗಳು ಹಸಿರಾಗಿರುವಾಗಲೇ ಸೊರಗಿ ಬೀಳುತ್ತವಲ್ಲ, ಆ ದುಂಡಾಣುವಿನ ಜಾತಿಯದೇ ಇದು.

ಮಧ್ಯ ಅಮೆರಿಕದ ದೊಡ್ಡ ಬಾಳೆ ತೋಟಗಳಲ್ಲಿ ಇದು ಮಚ್ಚಿನ ಮೂಲಕ ಗಿಡದಿಂದ ಗಿಡಕ್ಕೆ ಹೋಯಿತು. ಕೆಲಸದವನು ರೋಗದ ಗಿಡದ ಎಲೆ ಸವರಿ ಅದೇ ಮಚ್ಚಿನಲ್ಲಿ ಮುಂದಿನ ಗಿಡ ಸವರಿದರೆ ಸಾಕು. ಆದರೆ ಮಚ್ಚು ತಾಗದ ಗಿಡಕ್ಕೂ ರೋಗ ಬರುತ್ತಿತ್ತು. ಅದು ಹೇಗೆ ಎಂಬ ಪ್ರಶ್ನೆಗೆ 1962ರಲ್ಲಿ ಬಡ್ಡೆನ್‌ಹೇಗನ್ ಮತ್ತು ಎಲ್ಸಾಸರ್ ಎಂಬ ಇಬ್ಬರು ಉತ್ತರ ಕೊಟ್ಟರು. ಬಾಳೆ ಮೂತಿಯ ಸಿಪ್ಪೆ ಕಳಚಿ ಬೀಳುವಾಗ ದಂಟಿನ ಮೇಲೆ ಹಸಿ ಗಾಯವಾಗುತ್ತದೆ. ಅಲ್ಲಿಂದ ರೋಗದ ರಸ ಒಸರುತ್ತದೆ. ಹೂವಿಗೆ ಬರುವ ಜೇನು, ಕಣಜಗಳು ಆ ರಸವನ್ನು ಮೆತ್ತಿಕೊಂಡು ಹೋಗಿ ಬೇರೆ ಗಿಡದ ಗಾಯಕ್ಕೆ ಅಂಟಿಸುತ್ತವೆ.

ಇದೇ ಮೋಕೋ 1968ರಲ್ಲಿ ಫಿಲಿಪೈನ್ಸ್ ದೇಶಕ್ಕೆ ಕಾಲಿಟ್ಟಿತು. ಹೇಗೆಂದರೆ, ಮಧ್ಯ ಅಮೆರಿಕದಿಂದ ತರಿಸಿದ ಕಂದುಗಳ ಜೊತೆಯಲ್ಲಿ. ಸಮುದ್ರ ದಾಟಿದರೂ ದಾರಿ ಅದೇ. ನಾವು ಹಳೇ ತೋಟದಿಂದ ಹೊಸ ತೋಟಕ್ಕೆ ತಂದ ಹಾಗೆ, ಅವರು ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ತಂದರು.

ಸುಲಾವೆಸಿಯ ರಕ್ತ ರೋಗ

ಇಂಡೋನೇಷ್ಯಾದಲ್ಲಿ ಸುಲಾವೆಸಿ ಎಂಬ ದ್ವೀಪವಿದೆ. ಅಲ್ಲಿನ ಬಾಳೆಗೆ ಬಂದ ರೋಗಕ್ಕೆ ರಕ್ತ ರೋಗ ಎಂದು ಹೆಸರು. ದಿಂಡು ಕಡಿದರೆ ಕೆಂಪು ಮಿಶ್ರಿತ ಕಂದು ರಸ ಒಸರುತ್ತದೆ, ಅದಕ್ಕೆ ಆ ಹೆಸರು. ಸ್ವಿಟ್ಜರ್ಲೆಂಡಿನ ಗಾಯ್ಮನ್ ಎಂಬ ವಿಜ್ಞಾನಿ 1920ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ಅಭ್ಯಾಸ ಮಾಡಿದರು. ಆಗಿನ ಡಚ್ ಸರ್ಕಾರ ಆ ದ್ವೀಪದಿಂದ ಬಾಳೆ ಹೊರಗೆ ಸಾಗಿಸಬಾರದೆಂದು ನಿರ್ಬಂಧ ಹಾಕಿತು. ಬಹಳ ಕಾಲ ರೋಗ ಅಲ್ಲೇ ನಿಂತಿತ್ತು. ಆದರೆ 1987ರಲ್ಲಿ ಜಾವಾ ದ್ವೀಪದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. ಕಾವಲು ಇರುವ ತನಕ ರೋಗ ಬೇಲಿಯೊಳಗೆ, ಕಾವಲು ಸಡಿಲವಾದರೆ ರೋಗ ಊರೊಳಗೆ.

ಉಗಾಂಡದ ಜನ ಪಟ್ಟ ಪಾಡು

ಈಗ ಮುಖ್ಯ ಕಥೆಗೆ ಬರೋಣ. ಆಫ್ರಿಕದ ಇಥಿಯೋಪಿಯದಲ್ಲಿ ಎನ್‌ಸೆಟ್ ಎಂಬ ಬೆಳೆ ಇದೆ. ಬಾಳೆಯ ದಾಯಾದಿ ಎನ್ನಬಹುದು. ಅಲ್ಲಿನವರು ಅದರ ಹಣ್ಣು ತಿನ್ನುವುದಿಲ್ಲ, ಗಡ್ಡೆ ಮತ್ತು ದಿಂಡಿನಿಂದ ಹಿಟ್ಟು ಮಾಡಿ ರೊಟ್ಟಿ ಸುಡುತ್ತಾರೆ. ಈ ಎನ್‌ಸೆಟ್ ಸೊರಗುವುದಕ್ಕೆ ಕಾರಣವಾದ ದುಂಡಾಣುವನ್ನು 1968ರಲ್ಲಿ ಗುರುತಿಸಿದರು. ಅದರ ಹೆಸರು ಜಾಂಥೋಮೊನಾಸ್. 1974ರ ಹೊತ್ತಿಗೆ ಅದು ಬಾಳೆಯಲ್ಲೂ ವರದಿಯಾಯಿತು. ಆದರೆ ಇಥಿಯೋಪಿಯದ ಆಚೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ನಮ್ಮ ಸಂಘ ಇನ್ನೂ ಅಂಬೆಗಾಲಿಡುತ್ತಿದ್ದ ಹೊತ್ತಿನಲ್ಲಿ, ಅಂದರೆ 2001ರಲ್ಲಿ, ಉಗಾಂಡ ದೇಶದ ಮುಕೋನೋ ಜಿಲ್ಲೆಯಲ್ಲಿ ಈ ರೋಗ ಕಾಣಿಸಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಪಕ್ಕದ ಕಾಂಗೋ ದೇಶದಲ್ಲೂ ಕಂಡಿತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಮುಂದೆ ರುವಾಂಡ, ಟಾಂಜಾನಿಯ, ಕೀನ್ಯ ದೇಶಗಳಿಗೆ, ಕೊನೆಗೆ 2010ರಲ್ಲಿ ಬುರುಂಡಿಗೂ ಬಂತು. ನಮಗೆ ರಾಗಿ ಮುದ್ದೆ ಹೇಗೋ ಉಗಾಂಡದವರಿಗೆ ಬಾಳೆ ಹಾಗೆ. ಕಾಯಿ ಬೇಯಿಸಿ ಮುದ್ದೆ ಮಾಡಿ ಉಣ್ಣುತ್ತಾರೆ, ಅದಕ್ಕೆ ಮಟೂಕೆ ಎನ್ನುತ್ತಾರೆ. ಬಾಳೆ ಹೋದರೆ ಅವರಿಗೆ ದುಡ್ಡು ಮಾತ್ರವಲ್ಲ, ತಟ್ಟೆಯ ಅನ್ನವೇ ಹೋದಂತೆ.

ಅಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು ಕಯಿಂಜ ಎಂಬ ತಳಿ. ಅದರ ಹಣ್ಣಿನ ರಸದಿಂದ ಅವರು ಒಂದು ಥರದ ಹೆಂಡ ಮಾಡುತ್ತಾರೆ. ಇದು ಬೇರಾವುದೂ ಅಲ್ಲ, ನಮ್ಮ ಪಕ್ಕದ ತಮಿಳುನಾಡಿನಲ್ಲಿ ಕರ್ಪೂರವಳ್ಳಿ ಎಂದು ಬೆಳೆಯುವ ಬಾಳೆಯ ಬಳಗವೇ. ಇದರ ಮೂತಿಯ ಸಿಪ್ಪೆ ಉದುರುವುದರಿಂದ ಹುಳಹುಪ್ಪಟೆಗಳಿಗೆ ಗಾಯದ ಬಾಗಿಲು ತೆರೆದಂತಾಗುತ್ತದೆ.

ರೋಗದ ಲಕ್ಷಣ ಹೀಗಿರುತ್ತದೆ: ಮೂತಿ ಒಣಗಿ ಮುದುಡುತ್ತದೆ. ಎಲೆ ಹಳದಿಯಾಗಿ ಬಾಡುತ್ತದೆ. ಗೊನೆಯಲ್ಲಿ ಕಾಯಿಗಳು ಬಲಿಯುವ ಮುಂಚೆಯೇ ಅಲ್ಲೊಂದು ಇಲ್ಲೊಂದು ಹಣ್ಣಾಗುತ್ತವೆ. ಕೊಯ್ದು ನೋಡಿದರೆ ಒಳಗೆ ಕಂದು ಕಲೆ, ಬಾಯಿಗಿಡಲು ಆಗುವುದಿಲ್ಲ. ದಿಂಡು ಕಡಿದು ಸ್ವಲ್ಪ ಹೊತ್ತು ಬಿಟ್ಟರೆ ಹಳದಿ ಬಣ್ಣದ ಅಂಟು ರಸ ಹನಿಯಾಗಿ ನಿಲ್ಲುತ್ತದೆ.

ಔಷಧಿ ಇಲ್ಲದ ರೋಗಕ್ಕೆ ಒಗ್ಗಟ್ಟೇ ಔಷಧಿ

ಒಂದು ಸಲ ದುಂಡಾಣು ಗಿಡದೊಳಗೆ ಹೊಕ್ಕರೆ ಅದನ್ನು ಹೊರಗೆ ತೆಗೆಯುವ ಔಷಧಿ ಇಲ್ಲ. ಆದ್ದರಿಂದ ಅಲ್ಲಿನ ಸರ್ಕಾರ ಮತ್ತು ವಿಜ್ಞಾನಿಗಳು ಮೂರು ಮಾತು ಹೇಳಿದರು.

ಮೊದಲನೆಯದು ಮೂತಿ ಮುರಿಯುವುದು. ಕೊನೆಯ ಚಿಪ್ಪು ಬಿಟ್ಟ ಕೂಡಲೇ ಮೂತಿಯನ್ನು ತೆಗೆಯಬೇಕು. ಆದರೆ ಮಚ್ಚಿನಿಂದ ಕಡಿಯಬಾರದು, ಕವಲು ಕೋಲಿನಲ್ಲಿ ಸಿಕ್ಕಿಸಿ ತಿರುವಿ ಮುರಿಯಬೇಕು. ಮಚ್ಚು ಮುಟ್ಟದಿದ್ದರೆ ಮಚ್ಚಿನಿಂದ ರೋಗ ಹೋಗುವ ಮಾತೇ ಇಲ್ಲ. ಹುಳ ಕೂರುವ ಜಾಗವೂ ಇಲ್ಲ. ಕಾಸು ಖರ್ಚಿಲ್ಲದ ಕೆಲಸ.

ಎರಡನೆಯದು ಆಯುಧ ಶುದ್ಧಿ. ಒಂದು ಗಿಡ ಮುಗಿದ ಮೇಲೆ ಮಚ್ಚನ್ನು ಬೆಂಕಿಯಲ್ಲಿ ಕಾಯಿಸಬೇಕು, ಇಲ್ಲವೇ ಬ್ಲೀಚ್ ಬೆರೆಸಿದ ನೀರಿನಲ್ಲಿ ಅದ್ದಬೇಕು.

ಮೂರನೆಯದು ರೋಗ ಬಂದ ಬುಡವನ್ನು ಗಡ್ಡೆ, ಕಂದು ಸಮೇತ ಕಿತ್ತು ಹಾಕುವುದು.

ಈ ಮೂರನೆಯ ಮಾತು ಹೇಳುವುದಕ್ಕೆ ಸುಲಭ. ಬಾಳೆ ಬುಡ ಅಗೆದವರಿಗೆ ಅದರ ಕಷ್ಟ ಗೊತ್ತು. ವರ್ಷಗಟ್ಟಲೆ ನಿಂತ ಬುಡದಲ್ಲಿ ಐದಾರು ದಿಂಡು, ಕೆಳಗೆ ಗಡ್ಡೆಗೆ ಗಡ್ಡೆ ಹೆಣೆದುಕೊಂಡಿರುತ್ತದೆ. ಆಳು ಇಲ್ಲದ ಮನೆಯವರು, ವಯಸ್ಸಾದವರು, ಒಂಟಿ ಹೆಂಗಸರು ಏನು ಮಾಡಿಯಾರು? ಮನೆಗೆ ಅನ್ನ ಕೊಡುವ ಬುಡವನ್ನು ಇನ್ನೂ ಹಸಿರು ಗಿಡ ಇರುವಾಗ ಕಿತ್ತು ಹಾಕು ಎಂದರೆ ಯಾರಿಗಾದರೂ ಮನಸ್ಸು ಬರುತ್ತದೆಯೇ? ಬಹಳ ಜನ ಹಾಗೇ ಬಿಟ್ಟರು. ಒಬ್ಬನು ಕಿತ್ತು ಪಕ್ಕದವನು ಬಿಟ್ಟರೆ ಕಿತ್ತವನ ಶ್ರಮವೂ ನೀರಲ್ಲಿ ಹೋಮ.

ಆಮೇಲೆ ವಿಜ್ಞಾನಿಗಳು ಒಂದು ಸಂಗತಿ ಕಂಡುಕೊಂಡರು. ಹೂವಿನ ಮೂಲಕ ಬಂದ ಈ ದುಂಡಾಣು ಒಂದು ಬುಡದ ಎಲ್ಲ ಗಿಡಕ್ಕೂ ಒಟ್ಟಿಗೆ ಹೋಗುವುದಿಲ್ಲ. ಒಂದು ದಿಂಡಿಗೆ ಬಂದರೂ ಪಕ್ಕದ ಕಂದುಗಳು ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ. ಹಾಗಿದ್ದ ಮೇಲೆ ಇಡೀ ಬುಡ ಯಾಕೆ ಕೀಳಬೇಕು? ರೋಗ ಕಂಡ ಒಂದು ದಿಂಡನ್ನು ಮಾತ್ರ ನೆಲಮಟ್ಟಕ್ಕೆ ಕಡಿದು ಹಾಕಿ, ಮಚ್ಚು ಶುದ್ಧ ಮಾಡಿ, ವಾರ ವಾರ ತೋಟ ಸುತ್ತಿ ಹೊಸದಾಗಿ ಕಂಡದ್ದನ್ನು ಕಡಿಯುತ್ತಿದ್ದರೆ ಸಾಕು. ಜೊತೆಗೆ ಮೂತಿ ಮುರಿಯುವುದನ್ನು ತಪ್ಪಿಸಬಾರದು. ಕಾಂಗೋ ದೇಶದ ದಕ್ಷಿಣ ಕಿವು ಪ್ರಾಂತ್ಯದ ರೈತರ ತೋಟಗಳಲ್ಲಿ ಇದನ್ನು ಮಾಡಿ ನೋಡಿದರು. ಬೀಡು ಬಿದ್ದ ತೋಟಗಳು ಮತ್ತೆ ಗೊನೆ ಬಿಟ್ಟವು. ಒಬ್ಬ ಹೆಂಗಸು ಒಂದು ಮಚ್ಚು ಹಿಡಿದು ಮಾಡಬಹುದಾದ ಕೆಲಸ ಇದು. ಅದಕ್ಕೇ ಜನ ಒಪ್ಪಿದರು.

ಇನ್ನೊಂದು ದಾರಿಯೂ ನಡೆದಿದೆ. ನಮ್ಮ ದೇಶದವರೇ ಆದ ಲೀನಾ ತ್ರಿಪಾಠಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ದಪ್ಪ ಮೆಣಸಿನಕಾಯಿ ಗಿಡದ ಗುಣವನ್ನು ಬಾಳೆಗೆ ಸೇರಿಸಿ, ರೋಗ ತಡೆಯುವ ಗಿಡ ತಯಾರಿಸಿದರು. 2010ರಲ್ಲಿ ಉಗಾಂಡದ ಕವಾಂಡ ಎಂಬಲ್ಲಿ ಅದನ್ನು ಬೇಲಿಯೊಳಗೆ ಬೆಳೆದು ಪರೀಕ್ಷೆ ಮಾಡಿದರು, ಫಲಿತಾಂಶ ಚೆನ್ನಾಗಿ ಬಂತು. ಆದರೂ ಅಲ್ಲಿನ ರೈತರ ತೋಟ ಉಳಿಸಿದ್ದು ಕವಲು ಕೋಲು ಮತ್ತು ಶುದ್ಧ ಮಚ್ಚು ಎನ್ನುವುದನ್ನು ಮರೆಯಬಾರದು.

ನಮ್ಮ ನೆಲದ ರೋಗಗಳು ಬೇರೆ ಬೇರೆ

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆಫ್ರಿಕದ ಆ ಜಾಂಥೋಮೊನಾಸ್ ರೋಗ ನಮ್ಮ ದೇಶದಲ್ಲಿ ದಾಖಲಾಗಿಲ್ಲ. ಹೊರದೇಶದಿಂದ ಕಂದು, ಗಡ್ಡೆ ತರುವುದಕ್ಕೆ ಕಾನೂನಿನ ತಡೆ ಇರುವುದು ಇದಕ್ಕೇ. ನಮ್ಮಲ್ಲಿ ಬಾಳೆ ಸೊರಗುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಇವೆರಡನ್ನೂ ಒಂದೇ ಎಂದು ತಿಳಿದು ಮೋಸ ಹೋಗುವವರೇ ಜಾಸ್ತಿ.

ಒಂದು, ಪನಾಮ ರೋಗ. ಇದು ದುಂಡಾಣು ಅಲ್ಲ, ಮಣ್ಣಿನ ಬೂಷ್ಟು. ಹಳೇ ಎಲೆ ಮೊದಲು ಹಳದಿಯಾಗಿ, ತೊಟ್ಟು ಮುರಿದು ದಿಂಡಿನ ಸುತ್ತ ಲಂಗದ ಹಾಗೆ ಜೋತುಬೀಳುತ್ತದೆ. ದಿಂಡು ಬುಡದಲ್ಲಿ ಸೀಳುತ್ತದೆ. ಕೊಯ್ದರೆ ಒಳಗೆ ಕೆಂಪು ಕಂದು ಗೆರೆ, ಆದರೆ ಗಬ್ಬು ವಾಸನೆ ಇಲ್ಲ. ನಮ್ಮ ನಂಜನಗೂಡು ರಸಬಾಳೆ ಹೆಸರಿಗೆ ಮಾತ್ರ ಉಳಿಯುವ ಹಾಗಾದದ್ದು ಇದೇ ರೋಗದಿಂದ. ಬೂಷ್ಟು ಮಣ್ಣಲ್ಲಿ ಹತ್ತಾರು ವರ್ಷ ಬದುಕಿರುತ್ತದೆ.

ಎರಡು, ಗಡ್ಡೆ ಕೊಳೆ ರೋಗ. ಇದು ದುಂಡಾಣು. ಹೆಚ್ಚಾಗಿ ಮೂರರಿಂದ ಐದು ತಿಂಗಳ ಎಳೆ ಗಿಡಕ್ಕೆ ಬರುತ್ತದೆ. ಬಿಸಿಲಿನ ಕಾಲದಲ್ಲಿ ಬುಡದಲ್ಲಿ ನೀರು ನಿಂತರೆ ಜೋರಾಗುತ್ತದೆ. ಎಳೆದರೆ ಗಿಡ ಕೈಗೆ, ಗಡ್ಡೆ ಮಣ್ಣಿಗೆ. ಕೆಟ್ಟ ವಾಸನೆ. ನಮ್ಮ ತೋಟಕ್ಕೆ ಬಂದದ್ದು ಇದು.

ಆಫ್ರಿಕದವರ ಹಾಗೆ ಒಂದೇ ದಿಂಡು ಕಡಿದು ಬುಡ ಬಿಡುವುದು ಇವೆರಡಕ್ಕೂ ಹೊಂದುವುದಿಲ್ಲ. ಇಲ್ಲಿ ರೋಗ ಇರುವುದೇ ಬುಡದಲ್ಲಿ, ಮಣ್ಣಲ್ಲಿ. ಗಡ್ಡೆ ಸಮೇತ ತೆಗೆದು ಹೊರಗೆ ಹಾಕಬೇಕು, ಕಾಲುವೆಗೆ ಮಾತ್ರ ಎಸೆಯಬಾರದು. ಮದ್ದು ಹಾಕುವ ಮುಂಚೆ ರೋಗ ಯಾವುದೆಂದು ಬಲ್ಲವರಿಗೆ ತೋರಿಸಿ ತಿಳಿಯಬೇಕು. ಬಾಳೆಗೆಂದೇ 1993ರಲ್ಲಿ ತಿರುಚ್ಚಿರಾಪಳ್ಳಿಯಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ಆರಂಭವಾಗಿದೆ. ನಮ್ಮ ತೋಟಗಾರಿಕೆ ಇಲಾಖೆಯವರನ್ನೂ ಕೇಳಬಹುದು. ಕೇಳುವುದಕ್ಕೆ ನಾಚಿಕೆ ಪಟ್ಟರೆ ತೋಟ ಹೋಗುತ್ತದೆ.

ಸಂಘದ ಮುಂದೆ ನಮ್ಮ ಕೋರಿಕೆ

ನೂರು ವರ್ಷದ ಈ ಚರಿತ್ರೆಯನ್ನು ಹಿಂಡಿದರೆ ಸಿಗುವ ಸಾರ ಇಷ್ಟೇ: ರೋಗ ಹರಡುವುದು ಬಹುಪಾಲು ನಮ್ಮ ಕೈಯಿಂದ. ನಮ್ಮ ಕಂದು, ನಮ್ಮ ಮಚ್ಚು, ನಮ್ಮ ನೀರು, ಅದಕ್ಕಿಂತ ಹೆಚ್ಚಾಗಿ ನಮ್ಮ ಮೌನ. ಆದ್ದರಿಂದ ಬರುವ ಮಹಾಸಭೆಯಲ್ಲಿ ಚರ್ಚೆಗಿಡಲು ಈ ಕೆಳಗಿನ ಅಂಶಗಳನ್ನು ಬರೆದಿದ್ದೇವೆ.

1. ರೋಗ ಕಂಡ ತೋಟದಿಂದ ಯಾರೂ ಕಂದು ಕೊಡಬಾರದು, ಪುಕ್ಕಟೆಯಾಗಿಯೂ ಕೊಡಬಾರದು. ಕಂದಿಗೆ ಯೋಗ್ಯವಾದ ಆರೋಗ್ಯದ ತೋಟಗಳ ಪಟ್ಟಿಯನ್ನು ಪ್ರತಿ ವರ್ಷ ಸಂಘದ ಹಲಗೆ ಮೇಲೆ ಹಾಕಬೇಕು.

2. ಗೊನೆ ಕಡಿಯಲು ಬರುವ ವ್ಯಾಪಾರಿಗಳ ಆಳುಗಳು ಊರೂರು ಸುತ್ತಿ ಬಂದಿರುತ್ತಾರೆ. ಅವರ ಮಚ್ಚು ಬ್ಲೀಚ್ ನೀರಿಗೆ ಅದ್ದದೆ ತೋಟದೊಳಗೆ ಬರಬಾರದು. ಇದಕ್ಕೆ ಬೇಕಾದ ಬಕೆಟ್ಟು, ಪುಡಿಯನ್ನು ಸಂಘದಲ್ಲಿ ಇಡಬೇಕು. ಕೆಲಸ ಮುಗಿದ ಮೇಲೆ ಮಚ್ಚು ತೊಳೆದು ಎಣ್ಣೆ ಸವರಿದರೆ ತುಕ್ಕು ಹಿಡಿಯುವುದಿಲ್ಲ.

3. ಮೂತಿಯನ್ನು ಕವಲು ಕೋಲಿನಿಂದ ಮುರಿಯುವ ರೂಢಿ ಮಾಡಿಕೊಳ್ಳಬೇಕು. ಪಲ್ಯಕ್ಕೂ ಆಯಿತು, ಗಿಡಕ್ಕೂ ಆಯಿತು.

4. ರೋಗದ ತೋಟದ ನೀರು ಕೆಳಗಿನ ತೋಟಕ್ಕೆ ಹರಿಯದಂತೆ ಬಸಿಗಾಲುವೆ ಬೇರೆ ಮಾಡಬೇಕು. ರೋಗ ಬಂದ ಜಾಗಕ್ಕೆ ಮತ್ತೆ ಬಾಳೆ ಹಾಕದೆ ಭತ್ತವನ್ನೋ ರಾಗಿಯನ್ನೋ ಹಾಕಬೇಕು. ನಾವು ಭತ್ತ ಹಾಕಿದೆವು.

5. ತನ್ನ ತೋಟದಲ್ಲಿ ರೋಗ ಇದೆ ಎಂದು ಮೊದಲು ಬಂದು ಹೇಳಿದವನನ್ನು ಯಾರೂ ಹೀಯಾಳಿಸಬಾರದು. ಅವನ ಸಾಲದ ವಾಯಿದೆ ವಿಚಾರವನ್ನು ಆಡಳಿತ ಮಂಡಳಿ ಸಹಾನುಭೂತಿಯಿಂದ ನೋಡಬೇಕು. ಹೇಳಿದರೆ ಮಾನ ಹೋಗುತ್ತದೆ ಎಂಬ ಭಯ ಇರುವ ತನಕ ಎಲ್ಲರೂ ಮುಚ್ಚಿಡುತ್ತಾರೆ, ನಾವು ಮುಚ್ಚಿಟ್ಟ ಹಾಗೆ.

ಕೊನೆಯ ಮಾತು

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಹಕಾರ ಸಂಘ ಕಟ್ಟಿದಾಗ ರೈತನಿಗೆ ಸಾಲ ಸಿಗಲಿ ಎಂಬುದು ಉದ್ದೇಶವಾಗಿತ್ತು. ಸಾಲ ಕೊಟ್ಟರೆ ಸಾಲದು, ಸಾಲದಿಂದ ಹಾಕಿದ ಬೆಳೆ ಉಳಿಯುವಂತೆ ಒಬ್ಬರಿಗೊಬ್ಬರು ಕಾವಲಿರುವುದೂ ಸಹಕಾರವೇ. ಹನಿಗೂಡಿದರೆ ಹಳ್ಳ ಎನ್ನುವುದು ಒಳ್ಳೆಯದಕ್ಕೂ ನಿಜ, ಕೆಟ್ಟದ್ದಕ್ಕೂ ನಿಜ.

ಈ ಬರಹ ಅಚ್ಚಿಗೆ ಕೊಡುವ ಮುಂಚೆ ನಮ್ಮ ಮನೆಯವರನ್ನು ಕರೆದುಕೊಂಡು ಆ ಹೆಣ್ಣುಮಗಳ ಮನೆಗೆ ಹೋಗಿ ಓದಿ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಂಗೆ ಆವತ್ತೇ ಗೊತ್ತಿತ್ತು ಕಣಣ್ಣ, ನಿನ್ನ ಬಾಯಲ್ಲಿ ಬರ್ಲಿ ಅಂತ ಇದ್ದೆ. ಬರ್ದಿರೋದ್ನ ಹಂಗೇ ಹಾಕು, ನಾಲ್ಕು ಜನ ಓದ್ಲಿ" ಎಂದರು. ಕಾಫಿ ಕುಡಿದು ಬಂದೆವು. ಆಕೆಯ ಅರ್ಧ ಎಕರೆಯಲ್ಲಿ ಈಗ ಮತ್ತೆ ಬಾಳೆ ನಿಂತಿದೆ. ಕಂದು ನಮ್ಮ ತೋಟದ್ದಲ್ಲ, ನೋಡಿ ಆರಿಸಿ ಬೇರೆ ಕಡೆಯಿಂದ ತಂದದ್ದು.

 ಬೆಳ್ಳಿ ಹಬ್ಬ ಕಂಡ ನಮ್ಮ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ. ಆ ಹೊತ್ತಿಗೆ ನಮ್ಮ ಮಕ್ಕಳ ತೋಟದಲ್ಲೂ ಬಾಳೆ ಹಸಿರಾಗಿರಲಿ.

ಜೈ ಸಹಕಾರ.